ಏರಿಯ ಬೆನ್ನನ್ನು ನೋಡುವವರಾರು?

2021ನೆಯ ಇಸವಿಯ ನವೆಂಬರು ತಿಂಗಳ ಮಳೆಯನ್ನು ಶಿಡ್ಲಘಟ್ಟದ ಸೀಮೆಯವರು ಇನ್ನೂ ಮರೆತಿಲ್ಲ. ಎಷ್ಟೋ ವರ್ಷಗಳಿಂದ ಜಾಲಿಯ ಕಾಡಾಗಿಯೂ ದನ ಮೇಯುವ ಬಯಲಾಗಿಯೂ ಬಿದ್ದಿದ್ದ ಕೆರೆಯಂಗಳಗಳಲ್ಲಿ ನೀರು ನಿಂತಿತು. ನಿಂತ ನೀರು ಏರಿತು. ಏರಿದ ನೀರು ಕೋಡಿ ಹರಿಯಿತು. 1,200 ಅಡಿ ಕೊರೆದರೂ ತೇವ ಕಾಣದ ಕೊಳವೆಬಾವಿಗಳ ನಾಡಿನಲ್ಲಿ ಇದು ಸಾಮಾನ್ಯವಾದ ಭಾಗ್ಯವಲ್ಲ. ಕೋಡಿಯ ಸದ್ದನ್ನೇ ಕೇಳದೆ ಬೆಳೆದಿದ್ದ ತರುಣರು ಅದನ್ನು ನೋಡಲೆಂದು ಊರಿಂದೂರಿಗೆ ಹೋದರು. ಹೆಂಗಸರು ಬಾಗಿನ ಅರ್ಪಿಸಿದರು. ಮುಖಂಡರು ಮಾಲೆ ಹಾಕಿಸಿಕೊಂಡರು. ಪತ್ರಿಕೆಯವರು ವರ್ಣಿಸಿ ಬರೆದರು. ನಾವೂ ಬರೆದೆವು.

ಆ ದಿನಗಳಲ್ಲಿ ಒಂದು ಸಂಜೆ ನಾವು ಒಂದು ಕೆರೆಯ ಏರಿಯ ಮೇಲೆ ನಿಂತು ನೀರಿನ ವಿಸ್ತಾರವನ್ನು ನೋಡಿ ಹಿಗ್ಗುತ್ತಿದ್ದೆವು. ಪಕ್ಕದಲ್ಲಿ ನೀರುಗಂಟಿಯ ಮನೆತನದ ವೃದ್ಧರೊಬ್ಬರಿದ್ದರು. ಅವರು ನೀರಿನ ಕಡೆಗೆ ಬೆನ್ನು ಮಾಡಿಕೊಂಡು ನಿಂತಿದ್ದರು. "ನೀರನ್ನು ನೋಡಿದ್ದಾಯಿತಲ್ಲ ಸ್ವಾಮಿ; ಇತ್ತ ತಿರುಗಿ ಏರಿಯ ಬೆನ್ನನ್ನೂ ಒಂದು ಸಲ ನೋಡಿ" ಎಂದರು. ತಿರುಗಿ ನೋಡಿದೆವು. ಏರಿಯ ಬುಡದಲ್ಲಿ ಎರಡು ಮೂರು ಕಡೆ ಮಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. ಅದರಾಚೆಗೆ ಹಿಪ್ಪುನೇರಳೆಯ ತೋಟ. ತೋಟದಾಚೆಗೆ ರೇಷ್ಮೆಹುಳು ಸಾಕುವ ಮನೆ. ಅದರಾಚೆಗೆ ಹೊಸದಾಗಿ ಎದ್ದ ಮನೆಗಳ ಸಾಲು. ನೂರಾರು ಜನರಲ್ಲಿ ಆ ಕಡೆ ಮುಖಮಾಡಿ ನಿಂತವರು ಅವರೊಬ್ಬರೇ.

ಅಂದು ಆ ಏರಿ ಒಡೆಯಲಿಲ್ಲ. ಆದರೆ ಅದು ಏಕೆ ಒಡೆಯಲಿಲ್ಲವೆಂಬುದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಗಟ್ಟಿಯಾಗಿದ್ದುದರಿಂದ ನಿಂತಿತೋ, ಮಳೆ ಇನ್ನೊಂದು ರಾತ್ರಿ ಸುರಿಯದಿದ್ದುದರಿಂದ ನಿಂತಿತೋ? ಈ ಎರಡು ಉತ್ತರಗಳ ನಡುವೆ ಇರುವ ಅಂತರವೇ ಕೆರೆಯ ಕೆಳಗಣ ಜನರ ಪ್ರಾಣ. ಅದನ್ನು ಅಳೆಯುವ ಕೆಲಸವು ನಮ್ಮಲ್ಲಿ ಯಾರದೂ ಆಗಿಲ್ಲವೆಂಬುದೇ ಈ ಲೇಖನದ ವಿಷಯ.

ಕಾಯಿದೆಯ ಕಣ್ಣಿಗೆ ಬೀಳದ ಕಟ್ಟೆಗಳು

ಅಣೆಕಟ್ಟೆಂದೊಡನೆ ಕನ್ನಂಬಾಡಿಯೋ ತುಂಗಭದ್ರೆಯೋ ಲಿಂಗನಮಕ್ಕಿಯೋ ನಮ್ಮ ಕಣ್ಣಮುಂದೆ ನಿಲ್ಲುವುದು. ಕೆರೆಯೇ ಬೇರೆ, ಅಣೆಕಟ್ಟೇ ಬೇರೆ ಎಂಬ ಭಾವನೆ ಅಷ್ಟು ಬಲವಾಗಿ ಬೇರೂರಿದೆ. ಆದರೆ ನೀರಿಗೆ ಈ ಭೇದ ತಿಳಿಯದು. ಹಳ್ಳಕ್ಕೆ ಅಡ್ಡವಾಗಿ ಮಣ್ಣು ಹಾಕಿ ನೀರು ನಿಲ್ಲಿಸಿದುದೆಲ್ಲವೂ ಅಣೆಕಟ್ಟೇ. ಈ ಅರ್ಥದಲ್ಲಿ ನೋಡಿದರೆ ಶಿಡ್ಲಘಟ್ಟದ ಅಮಾನಿಕೆರೆ, ಗೌಡನಕೆರೆ, ರಾಮಸಮುದ್ರದ ಕೆರೆಗಳು ಮೊದಲುಗೊಂಡು ಹೆಸರಿಲ್ಲದ ಕುಂಟೆಯವರೆಗೆ ನಮ್ಮ ಸೀಮೆಯೆಲ್ಲವೂ ಅಣೆಕಟ್ಟುಗಳ ಸೀಮೆಯೇ ಆಗಿರುವುದು.

ಅಣೆಕಟ್ಟುಗಳ ಸುರಕ್ಷತೆಗಾಗಿ ಭಾರತ ಸರ್ಕಾರದವರು ಒಂದು ಕಾಯಿದೆಯನ್ನು ಮಾಡಿದ್ದಾರೆ. ಅದು 2021ರ ಡಿಸೆಂಬರ್ 30ರಂದು, ಎಂದರೆ ನಮ್ಮ ಕೆರೆಗಳು ಕೋಡಿ ಹರಿದ ಮರುತಿಂಗಳಿನಲ್ಲಿಯೇ, ಜಾರಿಗೆ ಬಂದಿತು. ವರ್ಷಕ್ಕೆ ಎರಡಾವರ್ತಿ, ಮಳೆಗಾಲದ ಮುಂಚೆ ಒಮ್ಮೆ, ಅನಂತರ ಒಮ್ಮೆ, ಪರೀಕ್ಷೆ ನಡೆಯತಕ್ಕದ್ದೆಂದೂ ಆಪತ್ಕಾಲದ ಏರ್ಪಾಡುಗಳನ್ನು ಮೊದಲೇ ಬರೆದಿಡತಕ್ಕದ್ದೆಂದೂ ಅದರಲ್ಲಿದೆ. ಒಳ್ಳೆಯ ಕಾಯಿದೆಯೇ. ಆದರೆ ಅದು ಅನ್ವಯಿಸುವುದು ಯಾವುದಕ್ಕೆ? 15 ಮೀಟರಿಗೆ ಮೇಲ್ಪಟ್ಟ ಕಟ್ಟೆಗಳಿಗೆ. ಅಥವಾ 10ರಿಂದ 15 ಮೀಟರು ಎತ್ತರವಿದ್ದು, ಉದ್ದ 500 ಮೀಟರಿಗೆ ಕಡಮೆಯಿಲ್ಲದಿರುವುದು, ನೀರು ಹತ್ತು ಲಕ್ಷ ಘನಮೀಟರಿಗೆ ಕಡಮೆಯಿಲ್ಲದಿರುವುದು ಮುಂತಾದ ಲಕ್ಷಣಗಳಲ್ಲಿ ಒಂದುಳ್ಳ ಕಟ್ಟೆಗಳಿಗೆ. ನಮ್ಮ ಕೆರೆಗಳ ಏರಿಗಳಲ್ಲಿ ಬಹುಪಾಲು 10 ಮೀಟರನ್ನು ಮುಟ್ಟುವುದೇ ಇಲ್ಲ. ಎತ್ತರದಿಂದ ಅಳೆದ ಈ ಜರಡಿಯ ಕಣ್ಣಿನಲ್ಲಿ ಅವು ಸಲೀಸಾಗಿ ಸೋರಿಹೋಗಿವೆ.

ರಾಜ್ಯದಲ್ಲಿಯಾದರೂ ಒಬ್ಬ ಯಜಮಾನನಿದ್ದಾನೆಯೆ? 40 ಹೆಕ್ಟೇರಿಗೆ ಮೇಲ್ಪಟ್ಟ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು; ಅದಕ್ಕೂ ಕಡಮೆಯಾದವು ಪಂಚಾಯಿತಿಗಳವು. ಏರಿಯ ಮೇಲಣ ರಸ್ತೆ ಒಂದು ಇಲಾಖೆಗೆ, ಕೆರೆಯ ಮೀನು ಇನ್ನೊಬ್ಬರಿಗೆ, ಅಂಗಳದ ಸರಹದ್ದು ಕಂದಾಯದವರಿಗೆ. ಏರಿಯ ಬೆನ್ನು ಮಾತ್ರ ಯಾರಿಗೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ರಾಜ್ಯವೆಲ್ಲ ಎಚ್ಚೆತ್ತಿತು, ತಜ್ಞರು ಓಡಿಬಂದರು, ಕೆಲವೇ ದಿನಗಳಲ್ಲಿ ತಾತ್ಕಾಲಿಕ ಅಡ್ಡಕಟ್ಟನ್ನು ಇಳಿಸಿದರು. ಹಳ್ಳಿಯ ಕೆರೆಯ ತೂಬು ಕುಸಿದ ರಾತ್ರಿ ಓಡಿಬರುವವರು ಯಾರು? ಓಡಿಬಂದರೂ ತೋರಿಸಲು ಆ ತೂಬಿನ ನಕ್ಷೆಯೊಂದು ಇದೆಯೆ?

ಸರಪಳಿಯ ಕೊಂಡಿಗಳು

"ಸಣ್ಣ ಕೆರೆ ಒಡೆದರೆ ಸಣ್ಣ ನಷ್ಟ" ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೂ ಕೇಳಿದ್ದೇವೆ. ಇದು ನಮ್ಮ ಸೀಮೆಯ ಮಟ್ಟಿಗೆ ಶುದ್ಧ ತಪ್ಪು. ಇಲ್ಲಿಯ ಕೆರೆ ಒಂಟಿಯಾಗಿರುವುದಿಲ್ಲ. ಮೇಲಣ ಕೆರೆಯ ಕೋಡಿ ಕೆಳಗಣ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಣದಕ್ಕೆ. ಹೀಗೆ ಒಂದೇ ಹಳ್ಳದ ಮೇಲೆ ಸರಪಳಿಯಂತೆ ಕಟ್ಟಿರುವರು. ಮೈಸೂರಿನಲ್ಲಿ ಇಂಜಿನಿಯರರಾಗಿದ್ದ ಸ್ಯಾಂಕಿಯವರು 1866ರಲ್ಲಿಯೇ, ಈ ಸಂಸ್ಥಾನದಲ್ಲಿ ಹೊಸ ಕೆರೆಯೊಂದಕ್ಕೆ ಜಾಗ ಹುಡುಕಬೇಕಾದರೆ ಜಾಣತನವೇ ಬೇಕೆಂಬ ಅರ್ಥದಲ್ಲಿ ಬರೆದಿದ್ದರು. ಸರಪಳಿಯ ಗುಣವೇನೆಂದರೆ, ಬರಗಾಲದಲ್ಲಿ ಹನಿ ನೀರೂ ವ್ಯರ್ಥವಾಗದು. ಸರಪಳಿಯ ದೋಷವೇನೆಂದರೆ, ಮೇಲಣ ಕೊಂಡಿ ಕಳಚಿದರೆ ಅದರ ಭಾರವೆಲ್ಲವೂ ಒಮ್ಮೆಗೇ ಕೆಳಗಣ ಕೊಂಡಿಯ ಮೇಲೆ ಬೀಳುವುದು.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. 1903ರ ನವೆಂಬರಿನಲ್ಲಿ ಕೋಲಾರ ಸೀಮೆಯ ಪಾಲಾರ್ ಹೊಳೆಯ ಮೇಲಣ ಕೆರೆಗಳು ಒಡೆದು, ಆಗಿನ ಮದ್ರಾಸು ಪ್ರಾಂತಕ್ಕೆ ಸೇರಿದ್ದ ವಾಣಿಯಂಬಾಡಿ ಪಟ್ಟಣವು ಭಾರಿಯ ಹಾನಿಗೆ ಗುರಿಯಾಯಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರು ಮಡಿದರು. ಅದರ ಕಾರಣಗಳನ್ನು ಪರಿಶೀಲಿಸಲು ನಿಜಾಮರ ಸರ್ಕಾರದವರು ಕರೆಸಿಕೊಂಡುದು ಬೇರೆ ಯಾರನ್ನೂ ಅಲ್ಲ, ನಮ್ಮ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು. ಅವರು ಮಳೆಯನ್ನು ದೂರಿ ಸುಮ್ಮನಾಗಲಿಲ್ಲ. ನದಿಯ ಮೇಲಣ ಸೀಮೆಯ ಕೆರೆಗಳನ್ನು ಎಣಿಸಿದರು. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ನಗರವನ್ನು ಮುಳುಗಿಸಿದುದು ಮಳೆಯ ನೀರಷ್ಟೇ ಅಲ್ಲ, ಒಂದರ ಮೇಲೊಂದು ಬಿದ್ದ ಕೆರೆಗಳ ನೀರೂ ಹೌದು.

ಹಳೆಯ ಮಾತೆನ್ನುವವರಿಗೆ ಹೊಸದನ್ನು ಹೇಳುವೆವು. ನಮ್ಮ ಪಾಪಾಗ್ನಿಯು ಹರಿದು ಪೆನ್ನೆಯನ್ನು ಸೇರುವ ಕಡಪ ಜಿಲ್ಲೆಯಲ್ಲಿ, ನಮ್ಮಲ್ಲಿ ಬಾಗಿನ ಅರ್ಪಿಸುತ್ತಿದ್ದ ಅದೇ ದಿನಗಳಲ್ಲಿ, 2021ರ ನವೆಂಬರ್ 19ರಂದು, ಮೇಲಣ ಪಿಂಚಾ ಜಲಾಶಯದ ಕಟ್ಟೆ ಕೊಚ್ಚಿಹೋಗಿ ಆ ನೀರೂ ಸೇರಿ ಕೆಳಗಣ ಅನ್ನಮಯ್ಯ ಜಲಾಶಯದ ಮಣ್ಣಿನ ಕಟ್ಟೆಯು ಒಡೆಯಿತು. ಚೆಯ್ಯೇರು ಹೊಳೆಯ ದಡದ ಹಳ್ಳಿಗಳು ಹಾಳಾಗಿ ಹತ್ತಾರು ಜನರು ಪ್ರಾಣ ಬಿಟ್ಟರು. ಸರಪಳಿಯ ಒಂದೊಂದು ಕೊಂಡಿಯನ್ನು ಬೇರೆಬೇರೆಯಾಗಿ ನೋಡುವವರಿಗೆ ಈ ಅಪಾಯವು ಎಂದಿಗೂ ಕಾಣದು.

ಏರಿ ಒಡೆಯುವ ಬಗೆ

ಮಣ್ಣಿನ ಏರಿಯು ಮುಖ್ಯವಾಗಿ ಎರಡು ಬಗೆಯಲ್ಲಿ ಒಡೆಯುವುದು. ನೀರು ಅದರ ಮೇಲೆ ಹರಿದು, ಇಲ್ಲವೆ ಅದರ ಒಳಗೆ ಹರಿದು.

ಮೇಲೆ ಹರಿಯುವುದು ಕೋಡಿ ಸಾಲದಾದಾಗ. ಇದರ ಲೆಕ್ಕವನ್ನು ಯಾವ ಗುಮಾಸ್ತೆಯೂ ಹಾಕಬಹುದು. ಒಂದು ಚದರ ಕಿಲೋಮೀಟರು ನೆಲದ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ ಒಂದು ಲಕ್ಷ ಘನಮೀಟರು ನೀರಾಗುವುದು. ಹತ್ತು ಚದರ ಕಿಲೋಮೀಟರಿನ ಜಲಾನಯನವುಳ್ಳ ತುಂಬಿದ ಕೆರೆಗೆ ಆ ಮಳೆಯ ಅರ್ಧ ಬಂದರೂ ಐದು ಲಕ್ಷ ಘನಮೀಟರು ಕೋಡಿಯ ಮೇಲೆ ಹೋಗಬೇಕು. ಕೋಡಿಯು ಪೂರ್ಣವಾಗಿ ತೆರೆದಿದ್ದಾಗ ಎರಡು ಅಡಿ ಆಳದಲ್ಲಿ ಹರಿದುಹೋಗುವ ನೀರು, ಕೋಡಿಯ ಅರ್ಧವನ್ನು ಮುಚ್ಚಿದರೆ ಮೂರು ಅಡಿಗೂ ಮೇಲೇರಿದ ಹೊರತು ಹೋಗಲಾರದು. ಆ ಹೆಚ್ಚಿನ ಒಂದು ಅಡಿಗೆ ಏರಿಯ ನೆತ್ತಿಯಲ್ಲಿ ಅವಕಾಶವಿಲ್ಲದಿದ್ದರೆ, ನೆತ್ತಿ ಎಲ್ಲಿ ತಗ್ಗಾಗಿದೆಯೋ ಅಲ್ಲಿ ನೀರು ಹಾಯುವುದು. ಹಾಯ್ದ ನೀರು ಬೆನ್ನಿನ ಮಣ್ಣನ್ನು ಕೊರೆಯುವುದು. ಕೊರೆಯತೊಡಗಿದ ಮೇಲೆ ತಡೆಯುವ ಕೈಯಿಲ್ಲ.

ಕೋಡಿಯನ್ನು ಮುಚ್ಚುವವರು ಯಾರು? ನಾವೇ. ಇನ್ನೊಂದು ಗೇಣು ನೀರು ನಿಲ್ಲಲೆಂದು ಮರಳಿನ ಮೂಟೆ ಇಡುವ ರೈತರು. ಮೀನು ತಪ್ಪಿಸಿಕೊಳ್ಳದಂತೆ ಬಲೆ ಕಟ್ಟುವ ಗುತ್ತಿಗೆಯವರು. ಕೋಡಿಯ ಕಾಲುವೆಯಲ್ಲಿ ಮನೆಯ ತಳಪಾಯ ಹಾಕುವ ಪಟ್ಟಣಿಗರು. ಇವು ಸಣ್ಣ ತಪ್ಪುಗಳೆಂದು ನಗಬಾರದು. ಅಮೆರಿಕದ ಜಾನ್ಸ್‌ಟೌನ್ ಎಂಬ ಪಟ್ಟಣದ ಮೇಲಣ ಸೌತ್ ಫೋರ್ಕ್ ಎಂಬ ಮಣ್ಣಿನ ಕಟ್ಟೆಯು ಶ್ರೀಮಂತರ ವಿಹಾರಕ್ಕೆ ಮೀಸಲಾಗಿತ್ತು. ಅವರು ಮೀನು ಹೋಗದಂತೆ ಕೋಡಿಗೆ ಕಬ್ಬಿಣದ ಜಾಲರಿ ಹಾಕಿದರು. ಗಾಡಿಗಳು ಓಡಾಡಲೆಂದು ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದರು. 1889ರ ಮೇ 31ರಂದು ಆ ಕಟ್ಟೆ ಒಡೆದು 2,209 ಜನರು ಸತ್ತರು. ಜಾಲರಿಯೂ ರಸ್ತೆಯೂ ನಮ್ಮ ಏರಿಗಳ ಮೇಲೆ ಇಲ್ಲವೆ? ವಾಚಕರು ಎದೆ ಮುಟ್ಟಿಕೊಂಡು ಹೇಳಲಿ.

ಒಳಗೆ ಹರಿಯುವ ನೀರು ಇನ್ನೂ ಕಪಟಿ. ಬಳ್ಳಾರಿ ಜಾಲಿಯ ಬೇರು ಏರಿಯೊಳಗೆ ಇಳಿಯುವುದು. ಮರವನ್ನು ಸೌದೆಗೆ ಕಡಿದ ಮೇಲೆ ಬೇರು ಕೊಳೆತು ಕೊಳವೆಯಾಗುವುದು. ಹೆಗ್ಗಣ ಬಿಲ ತೋಡುವುದು. ಗೆದ್ದಲು ಗೂಡು ಕಟ್ಟುವುದು. ಹಳೆಯ ಕಲ್ಲುತೂಬಿನ ಗಾರೆ ಉದುರಿ, ತೂಬಿನ ಮಗ್ಗುಲಲ್ಲಿಯೇ ನೀರು ದಾರಿ ಮಾಡಿಕೊಳ್ಳುವುದು. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಗಮನಿಸುತ್ತಿರಬೇಕು. ಆ ನೀರು ಕೆಂಪಾಗಿ, ಮಣ್ಣನ್ನು ತೆಗೆದುಕೊಂಡು ಬಂದರೆ ಏರಿಯು ಒಳಗಿನಿಂದ ಕರಗುತ್ತಿದೆಯೆಂದೇ ತಿಳಿಯಬೇಕು. ಈ ಒಂದು ಭೇದವನ್ನು ಬಲ್ಲ ಕಣ್ಣು ಊರಿಗೊಂದಿದ್ದರೆ ಎಷ್ಟು ಪ್ರಾಣ ಉಳಿದೀತು!

ಇದಕ್ಕೆ ಎರಡು ನಿದರ್ಶನಗಳು ಸಾಕು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯ ಸಣ್ಣ ಕಟ್ಟೆಯು ಸೋರುತ್ತಿದೆಯೆಂದು ಊರಿನವರು ಮೊದಲೇ ದೂರು ಕೊಟ್ಟಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆದು ಸುಮಾರು 20 ಜನರು ಕೊಚ್ಚಿಹೋದರು. ಆಮೇಲೆ ಅಲ್ಲಿಯ ಮಂತ್ರಿಗಳೊಬ್ಬರು ದೋಷವನ್ನು ಏಡಿಗಳ ಮೇಲೆ ಹೊರಿಸಿದರು! ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಕಟ್ಟುತ್ತಿದ್ದ ಕಾರಂ ಕಟ್ಟೆಯು 2022ರ ಆಗಸ್ಟಿನಲ್ಲಿ ಸೋರತೊಡಗಿತು. ಅಲ್ಲಿ 18 ಹಳ್ಳಿಗಳ ಜನರನ್ನು ಎತ್ತರಕ್ಕೆ ಸಾಗಿಸಿ, ಪಕ್ಕದಲ್ಲಿ ಕಾಲುವೆ ಕಡಿದು ನೀರನ್ನು ಹೊರಕ್ಕೆ ಬಿಟ್ಟರು. ಕಟ್ಟೆ ಹೋಯಿತು, ಜನರು ಉಳಿದರು. ಎರಡರ ಸೋರಿಕೆಯೂ ಒಂದೇ ಜಾತಿಯದು. ಒಂದನ್ನು ಕಡತದಲ್ಲಿ ಇಟ್ಟರು. ಇನ್ನೊಂದನ್ನು ಕಣ್ಣಿಟ್ಟು ನೋಡಿದರು.

ಈಗಲೇ ಏಕೆ?

ಮೂವತ್ತು ವರ್ಷ ಒಡೆಯದ ಏರಿ ಇನ್ನು ಮುಂದೆಯೂ ಒಡೆಯದು ಎಂದು ಹೇಳುವವರುಂಟು. ಆ ಮೂವತ್ತು ವರ್ಷಗಳಲ್ಲಿ ಎಷ್ಟು ವರ್ಷ ಅದರ ಎದೆಗೆ ನೀರು ತಾಗಿತ್ತೆಂದು ಅವರನ್ನು ಕೇಳಬೇಕು. ಒಣಗಿದ ಏರಿ ಪರೀಕ್ಷೆಯಲ್ಲಿ ತೇರ್ಗಡೆಯಾದುದಲ್ಲ, ಪರೀಕ್ಷೆಗೇ ಕೂತಿಲ್ಲದ್ದು. ಬಿಸಿಲಿಗೆ ಬಿರುಕು ಬಿಟ್ಟು, ಬೇರಿಗೂ ಬಿಲಕ್ಕೂ ಎಡೆಕೊಟ್ಟು, ಅಲ್ಲಲ್ಲಿ ಗಾಡಿಯ ದಾರಿಗೆಂದು ಕಡಿಸಿಕೊಂಡು ಕುಳಿತಿರುವ ಏರಿಗೆ ಒಂದೇ ವಾರದಲ್ಲಿ ಕಂಠಮಟ್ಟ ನೀರು ಬಂದರೆ, ಅದು ಹಿಂದಣ ಏರಿಯಲ್ಲ.

ಇದಲ್ಲದೆ ಹೊಸದೊಂದು ಸಂಗತಿ ಸೇರಿದೆ. ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ದಿನಕ್ಕೆ 210 ದಶಲಕ್ಷ ಲೀಟರಿನಂತೆ 65 ಕೆರೆಗಳಿಗೆ ತುಂಬಿಸುವ ಯೋಜನೆ ನಮ್ಮ ಜಿಲ್ಲೆಗೂ ಬಂದಿದೆ. ಆ ನೀರಿನ ಗುಣದೋಷಗಳ ಚರ್ಚೆ ಬೇರೆ. ಏರಿಯ ಮಟ್ಟಿಗೆ ಅದರ ಅರ್ಥವೇನೆಂದರೆ, ಬೇಸಗೆಯಲ್ಲಿ ಬರಿದಾಗಿ ಹಿಂಗಾರಿನ ಮಳೆಯನ್ನು ನುಂಗಿಕೊಳ್ಳುತ್ತಿದ್ದ ಕೆರೆಯು ಇನ್ನು ಮೊದಲೇ ತುಂಬಿಕೊಂಡು ಮಳೆಗಾಗಿ ಕಾದಿರುವುದು. ತುಂಬಿದ ಕೊಡಕ್ಕೆ ಬಿದ್ದ ನೀರೆಲ್ಲ ಹೊರಕ್ಕೇ. ನೀರು ಕೊಟ್ಟವರು ಏರಿಯನ್ನೂ ನೋಡಬೇಕಾದುದು ನ್ಯಾಯವಲ್ಲವೆ?

ಮಾಡತಕ್ಕದ್ದೇನು?

ನಮ್ಮ ಪೂರ್ವಿಕರಿಗೆ ಈ ವಿದ್ಯೆ ತಿಳಿಯದೆ ಇರಲಿಲ್ಲ. 1369ರಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಶಾಸನದಲ್ಲಿ ಕೆತ್ತಿಸಿದನು. ಅಂಗಗಳಲ್ಲಿ ಜಲಶಾಸ್ತ್ರ ಬಲ್ಲ ವಿದ್ವಾಂಸನೂ ಕೆಲಸ ಬಲ್ಲ ಜನರೂ ಸೇರಿದ್ದಾರೆ. ದೋಷಗಳಲ್ಲಿ ಏರಿಯಿಂದ ನೀರು ಸೋರುವುದೂ ಒಂದು, ನೆಲ ಸಾಲದೆ ನೀರು ಮಿತಿಮೀರುವುದೂ ಒಂದು. ನಾವು ಮೇಲೆ ಹೇಳಿದ ಎರಡು ಬಗೆಯ ಅಪಾಯಗಳೂ ಸುಮಾರು 650 ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಬಂದಿವೆ! ಏರಿಯ ದುರಸ್ತಿಗೆಂದು ಭೂಮಿ ಬಿಡುವ ಕಟ್ಟುಕೊಡಿಗೆಯೂ ನೀರನ್ನು ಕಾಯುವ ನೀರುಗಂಟಿಯೂ ನಮ್ಮ ಹಳ್ಳಿಗಳಲ್ಲಿದ್ದುದು ಇದಕ್ಕಾಗಿಯೇ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಊಳಿಗ ಹೋಯಿತು. ಹೋದುದು ಒಳ್ಳೆಯದೇ ಆಯಿತು. ಹುಟ್ಟಿನ ಕಾರಣದಿಂದ ಒಬ್ಬನನ್ನು ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ನಿಲ್ಲಿಸುವುದು ನ್ಯಾಯವಲ್ಲ. ಆದರೆ ಹುದ್ದೆಯೊಡನೆ ಕೆಲಸವನ್ನೂ ಕೈಬಿಟ್ಟೆವು. ದೋಷವಿರುವುದು ಇಲ್ಲಿ.

ನಮ್ಮ ಸಲಹೆಗಳು ನಾಲ್ಕು. ಮೊದಲನೆಯದಾಗಿ, ಕೆರೆಗಳನ್ನು ಎತ್ತರದಿಂದ ಅಳೆಯದೆ, ಒಡೆದರೆ ಯಾರ ಮೇಲೆ ಬೀಳುವುದೆಂಬುದರಿಂದ ಅಳೆಯಬೇಕು. ಏರಿಯ ಕೆಳಗೆ ಮನೆ, ಶಾಲೆ, ಹೆದ್ದಾರಿ, ರೈಲುಹಾದಿ ಇದ್ದರೆ ಅದು ಮೊದಲನೆಯ ವರ್ಗ; ತೋಟ, ಗದ್ದೆ ಇದ್ದರೆ ಎರಡನೆಯದು; ಬಯಲಿದ್ದರೆ ಮೂರನೆಯದು. 1925ರಲ್ಲಿ ವೇಲ್ಸ್ ದೇಶದ ಡಾಲ್ಗಾರಗ್ ಎಂಬಲ್ಲಿ ಮೇಲಣ ಕಟ್ಟೆ ಒಡೆದು ಕೆಳಗಣದನ್ನೂ ಒಡೆಸಿ 16 ಜನರು ಸತ್ತ ಮೇಲೆ, ಬ್ರಿಟನ್ನಿನವರು 1930ರಲ್ಲಿ ಸುರಕ್ಷತೆಯ ಕಾಯಿದೆ ಮಾಡಿದರು. 1975ರ ಅವರ ಕಾಯಿದೆಯು ಏರಿಯ ಎತ್ತರವನ್ನು ಕೇಳದೆ, 25,000 ಘನಮೀಟರಿಗೆ ಮೇಲ್ಪಟ್ಟು ನೀರು ನಿಲ್ಲುವ ಕಟ್ಟೆಗಳನ್ನು ಹಿಡಿಯಿತು.

ಎರಡನೆಯದಾಗಿ, ಒಂದು ಹಳ್ಳದ ಕೆರೆಗಳೆಲ್ಲವನ್ನೂ ಒಂದೇ ಸರಪಳಿಯೆಂದು ಎಣಿಸಿ, ಪಂಚಾಯಿತಿಯ ಕುಂಟೆಯಿಂದ ಹಿಡಿದು ಇಲಾಖೆಯ ಕೆರೆಯವರೆಗೆ ಒಬ್ಬರೇ ಇಂಜಿನಿಯರು ಪರೀಕ್ಷಿಸಬೇಕು.

ಮೂರನೆಯದಾಗಿ, ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿಗೆ ಮುಂಚೆ ಒಮ್ಮೆ ಏರಿಯ ಮೇಲೆ ನಡೆದು ನೋಡಬೇಕು. ನಮ್ಮ ಸೀಮೆಗೆ ಭಯವಿರುವುದು ಎರಡನೆಯದರಲ್ಲಿಯೇ ಹೆಚ್ಚು. ನೆತ್ತಿ ಎಲ್ಲಿ ಕುಸಿದಿದೆ, ಕೋಡಿಯ ಉದ್ದವೆಷ್ಟು, ಅದರಲ್ಲಿ ಮುಚ್ಚಿರುವುದೆಷ್ಟು, ತೂಬು ತೆರೆಯುವುದೋ ಇಲ್ಲವೋ, ಬುಡದಲ್ಲಿ ಜಿನುಗುವ ನೀರು ತಿಳಿಯೋ ಕೆಂಪೋ, ಬೆನ್ನಿನ ಮೇಲೆ ಗಿಡಮರಗಳೆಷ್ಟು: ಈ ಆರು ಪ್ರಶ್ನೆಗಳಿಗೆ ಉತ್ತರ ಬರೆಯಲು ಒಂದು ಮಟ್ಟದ ಯಂತ್ರ, ಒಂದು ಟೇಪು, ಒಂದು ಹಗಲು ಸಾಕು. ಬರೆದುದನ್ನು ಕಡತಕ್ಕೆ ಸೇರಿಸದೆ, ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.

ನಾಲ್ಕನೆಯದಾಗಿ, ಮೊದಲನೆಯ ವರ್ಗದ ಕೆರೆಗೆ ಮಳೆಗಾಲದಲ್ಲಿ ಸಂಬಳದ ಕಾವಲುಗಾರನೊಬ್ಬನಿರಬೇಕು. ಅವನು ಯಾವ ಜಾತಿಯವನಾದರೂ ಆಗಲಿ. ಅವನ ಕೈಯಲ್ಲಿ ಮಳೆಯ ಅಳತೆಯೂ ಫೋನೂ ಇರಲಿ. ಅವನು ಕರೆದರೆ ಎತ್ತಿಕೊಳ್ಳುವ ಅಧಿಕಾರಿಯೊಬ್ಬರು ತಾಲ್ಲೂಕು ಕಚೇರಿಯಲ್ಲಿರಲಿ.

ಹಣವಿಲ್ಲ, ಜನವಿಲ್ಲ, ರಾಜ್ಯದ ಸುಮಾರು 36,000 ಕೆರೆಗಳನ್ನು ನೋಡುವವರು ಯಾರು ಎಂಬ ಉತ್ತರ ಬರುವುದೆಂದು ಬಲ್ಲೆವು. ಎಲ್ಲವನ್ನೂ ಒಂದೇ ವರ್ಷ ನೋಡಿರೆಂದು ನಾವು ಕೇಳುತ್ತಿಲ್ಲ. ಯಾವುದನ್ನು ಮೊದಲು ನೋಡಬೇಕೆಂಬುದನ್ನು ಗೊತ್ತುಮಾಡಿರೆಂದು ಕೇಳುತ್ತಿದ್ದೇವೆ. ಹೂಳೆತ್ತುವುದಕ್ಕೆ ಹಣವಿದೆ; ಏರಿಯ ಮೇಲೆ ದೀಪದ ಕಂಬಕ್ಕೂ ಕಲ್ಲುಬೆಂಚಿಗೂ ಹಣವಿದೆ; ಬಾಗಿನದ ಶಾಮಿಯಾನಕ್ಕೂ ಹಣವಿದೆ. ಒಂದು ಹಗಲು ಏರಿಯ ಬೆನ್ನನ್ನು ನಡೆದು ನೋಡುವುದಕ್ಕೆ ಮಾತ್ರ ಇಲ್ಲವೆಂದರೆ ನಂಬುವವರಾರು? ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವುದು ನಮಗೆ ಹೊಸದಲ್ಲ. ಆದರೆ ನೀರು ಕೊಳ್ಳೆಹೊಡೆದ ಊರಿನಲ್ಲಿ ಬಾಗಿಲು ಹಾಕುವುದಕ್ಕೂ ಯಾರೂ ಉಳಿದಿರುವುದಿಲ್ಲ.

ಕೆರೆ ತುಂಬಲಿ ಎಂಬುದೇ ಈ ಸೀಮೆಯ ನಿತ್ಯದ ಪ್ರಾರ್ಥನೆ, ನಮ್ಮದೂ ಅದೇ. ಮುಂದಿನ ಸಲ ಕೋಡಿ ಹರಿದಾಗ ಬಾಗಿನವನ್ನು ಅರ್ಪಿಸೋಣ. ಆದರೆ ಅದನ್ನು ನೀರಿಗೆ ಬಿಟ್ಟ ಮೇಲೆ, ಬಿಟ್ಟವರೂ ಬಿಡಿಸಿದವರೂ, ಶಾಸಕರೂ ಇಂಜಿನಿಯರರೂ ತಹಸೀಲ್ದಾರರೂ, ನಮ್ಮಂತೆ ಬರೆಯುವವರೂ ಒಂದು ಗಳಿಗೆ ಹಿಂದಕ್ಕೆ ತಿರುಗಿ ಏರಿಯ ಬೆನ್ನನ್ನು ನೋಡೋಣ. ಆ ವೃದ್ಧರು ಅಂದು ನಮ್ಮನ್ನು ಕೇಳಿದುದು ಅಷ್ಟೇ.